ಹಳೆಯ ಮ್ಯಾಸ್ಸಿ 35 ಟ್ರ್ಯಾಕ್ಟರಿಗೆ ಆಲ್ಟರ್ನೇಟರ್, ಪವರ್ ಸ್ಟಿಯರಿಂಗ್, ಟಿಪ್ಪರ್ ಹೈಡ್ರಾಲಿಕ್ಸ್: ಯಾವುದನ್ನು ಮೊದಲು ಮಾಡಿಸಬೇಕು?

ಕೀಲೆಣ್ಣೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ತಂದೆಯವರು ಬಳಸುತ್ತಿದ್ದ 1962ರ ಮ್ಯಾಸ್ಸಿ ಫರ್ಗುಸನ್ 35 ಟ್ರ್ಯಾಕ್ಟರ್ ಈಗ ನನ್ನ ಕೈಯಲ್ಲಿದೆ. ಮೂರು ಸಿಲಿಂಡರಿನ ಪರ್ಕಿನ್ಸ್ ಡೀಸೆಲ್ ಎಂಜಿನ್, ಸಿಂಗಲ್ ಕ್ಲಚ್, ಬ್ಯಾಟರಿ ಚಾರ್ಜ್ ಮಾಡಲು ಹಳೆಯ ಬಗೆಯ ಡೈನಮೋ, ಪಾಸಿಟಿವ್ ಅರ್ಥ್ ವಯರಿಂಗ್ (ಬ್ಯಾಟರಿಯ ಪಾಸಿಟಿವ್ ಕಂಬವೇ ಗಾಡಿಯ ಮೈಗೆ ಸೇರಿದೆ). ಪ್ರದರ್ಶನಕ್ಕೆ ಇಡುವ ಗಾಡಿಯಲ್ಲ, ದಿನವೂ ದುಡಿಯುವ ಗಾಡಿ. ಚಳಿಯ ಬೆಳಗ್ಗೆ ಸೆಲ್ಫ್ ತೀರಾ ನಿಧಾನವಾಗಿ ತಿರುಗುತ್ತದೆ, ಎಂಜಿನ್ ಐಡ್ಲಿಂಗಿಗೆ ಇಳಿದರೆ ದೀಪಗಳು ಮಂಕಾಗುತ್ತವೆ, ಸ್ಟಿಯರಿಂಗ್ ತಿರುಗಿಸಿ ಸಂಜೆಯ ಹೊತ್ತಿಗೆ ಭುಜ ಸೋಲುತ್ತದೆ. ಹುಲ್ಲು ಕತ್ತರಿಸುವ ಸ್ಲ್ಯಾಷರ್ ಹಾಕಿಕೊಂಡು ಬೇಲಿಯ ಬಳಿ ಕ್ಲಚ್ ಒತ್ತಿದರೆ ಗಾಡಿ ನಿಲ್ಲದೆ ಇನ್ನೊಂದಿಷ್ಟು ದೂರ ತಾನೇ ಮುಂದೆ ಹೋಗುತ್ತದೆ. ಮುಂದೆ ಟಿಪ್ಪಿಂಗ್ ಟ್ರೇಲರನ್ನೂ ಜೋಡಿಸುವ ಯೋಚನೆಯಿದೆ. ಎಲ್ಲವನ್ನೂ ಒಂದೇ ಬಾರಿಗೆ ಮಾಡಿಸುವ ಶಕ್ತಿ ಇಲ್ಲವಾದ್ದರಿಂದ, ಮೂಲ ಭಾಗಗಳನ್ನು ಕೊರೆಯದೆ, ಕತ್ತರಿಸದೆ, ಯಾವ ಕ್ರಮದಲ್ಲಿ ಮುಂದುವರಿಯಬೇಕೆಂದು ಅನುಭವಿಗಳು ತಿಳಿಸಬೇಕಾಗಿ ವಿನಂತಿ.

ಬೆಲ್ಟುಪುಲ್ಲಿ:

ವಿದ್ಯುತ್ ಭಾಗದ ಬಗ್ಗೆ ಮಾತ್ರ ನಾನು ಹೇಳಬಲ್ಲೆ. ನೀವು ಡೈನಮೋ ಬದಲಿಗೆ ಹಾಕುವ ಹೊಸ ಬಗೆಯ ಆಲ್ಟರ್ನೇಟರ್ ಕೊಳ್ಳುವ ಮೊದಲು ಒಂದು ಮಲ್ಟಿಮೀಟರ್ ಹಿಡಿದು ಹತ್ತು ನಿಮಿಷ ಕುಳಿತುಕೊಳ್ಳಿ. ಸೆಲ್ಫ್ ನಿಧಾನವಾಗಿ ತಿರುಗುವುದಕ್ಕೂ ಡೈನಮೋಗೂ ನೇರ ಸಂಬಂಧ ಕಡಿಮೆ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೂ ಹಾಗೆ ತಿರುಗುತ್ತಿದೆಯೆಂದರೆ ದೋಷ ಕೇಬಲ್ಲಿನಲ್ಲೋ ಅರ್ಥಿನಲ್ಲೋ ಸೆಲ್ಫಿನೊಳಗೋ ಇರುತ್ತದೆ. ಸ್ಟಾಪ್ ಎಳೆದಿಟ್ಟು, ಬೇರೆಯವರಿಂದ ಸೆಲ್ಫ್ ಹೊಡೆಸುತ್ತ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ಥ್ ಕಂಬಕ್ಕೂ ಇನ್ನೊಂದನ್ನು ಸೆಲ್ಫಿನ ಹೊರಮೈಗೂ ತಾಗಿಸಿ ನೋಡಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ದಾರಿಯಲ್ಲಿ ಎಲ್ಲೋ ತುಕ್ಕೋ ಬಣ್ಣವೋ ಅಡ್ಡ ಕುಳಿತಿದೆ ಎಂದೇ ಅರ್ಥ. ಲೈವ್ ಕೇಬಲ್ಲಿನ ಕಡೆಯೂ ಇದೇ ಪರೀಕ್ಷೆ ಮಾಡಿ. ಜೊತೆಗೆ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿರುವ ಥರ್ಮೋಸ್ಟಾರ್ಟ್ (ಚಳಿಯಲ್ಲಿ ಒಳಹೋಗುವ ಗಾಳಿಯನ್ನು ಬಿಸಿ ಮಾಡುವ ಸಾಧನ) ಕೆಂಪಾಗುತ್ತಿದೆಯೇ, ಅದಕ್ಕೆ ಡೀಸೆಲ್ ತಲುಪುತ್ತಿದೆಯೇ ಎಂಬುದನ್ನೂ ನೋಡಿಬಿಡಿ. ಅದು ಸತ್ತಿರುವುದು ಗೊತ್ತಿಲ್ಲದೆ ಹೊಸ ಬ್ಯಾಟರಿ ಕೊಂಡವರನ್ನು ಕಂಡಿದ್ದೇನೆ (ಅವರಲ್ಲಿ ನಾನೂ ಒಬ್ಬ).

ದೀಪಗಳ ವಿಷಯ ಬೇರೆ. ಆ ಕಾಲದ ಡೈನಮೋ ಹೆಚ್ಚೆಂದರೆ 20 ಆಂಪಿಯರಿನ ಆಸುಪಾಸು ಕೊಡುತ್ತದೆ, ಅದೂ ಎಂಜಿನ್ ವೇಗವಾಗಿ ಓಡುವಾಗ. ಐಡ್ಲಿಂಗಿನಲ್ಲಿ ಬಹುತೇಕ ಏನೂ ಇಲ್ಲ. 55 ವ್ಯಾಟಿನ ಎರಡು ದೀಪಗಳೇ 9 ಆಂಪಿಯರ್ ಎಳೆಯುವುದರಿಂದ, ರಾತ್ರಿ ಕೆಲಸಕ್ಕೆ ಹಿಂದೆಯೂ ಎರಡು ದೀಪ ಹಾಕಿದರೆ ಡೈನಮೋಗೆ ಉಸಿರಾಡಲು ಜಾಗ ಉಳಿಯುವುದಿಲ್ಲ. ಎಲ್‌ಇಡಿ ದೀಪಗಳಿಗೆ ಹೋದರೆ ಎಳೆತ ಎಷ್ಟೋ ತಗ್ಗಿ ಡೈನಮೋವನ್ನೇ ಉಳಿಸಿಕೊಳ್ಳಬಹುದು. ಆದರೆ ಕೆಲವು ಎಲ್‌ಇಡಿ ದೀಪಗಳಲ್ಲಿ ನೆಗೆಟಿವ್ ತಂತಿ ದೀಪದ ಲೋಹದ ಕವಚಕ್ಕೇ ಸೇರಿರುತ್ತದೆ. ನಿಮ್ಮ ಪಾಸಿಟಿವ್ ಅರ್ಥ್ ಗಾಡಿಗೆ ಅದನ್ನು ಬೋಲ್ಟು ಮಾಡಿದ ಕ್ಷಣವೇ ಶಾರ್ಟ್ ಆಗುತ್ತದೆ.

ಆಲ್ಟರ್ನೇಟರೇ ಬೇಕೆಂದಿದ್ದರೆ ಮೊದಲು ಗಾಡಿಯನ್ನು ನೆಗೆಟಿವ್ ಅರ್ಥಿಗೆ ತಿರುಗಿಸಿ. ಬ್ಯಾಟರಿಯನ್ನು ತಿರುಗಿಸಿ ಜೋಡಿಸಬೇಕು, ಆಮ್‌ಮೀಟರಿನ ಎರಡು ತಂತಿಗಳನ್ನು ಅದಲುಬದಲು ಮಾಡಬೇಕು, ಡೈನಮೋದ ಚಾರ್ಜನ್ನು ನಿಯಂತ್ರಿಸುವ ಹಳೆಯ ಕಟೌಟ್ ಪೆಟ್ಟಿಗೆಯನ್ನು ಸಂಪರ್ಕದಿಂದ ಬಿಡಿಸಬೇಕು. ಸೆಲ್ಫಿಗೆ ಏನೂ ಮಾಡಬೇಕಿಲ್ಲ, ಧ್ರುವ ಬದಲಾದರೂ ಅದು ಅದೇ ದಿಕ್ಕಿಗೆ ತಿರುಗುತ್ತದೆ. ಈ ಬದಲಾವಣೆಯನ್ನು ಮರೆತು ಆಲ್ಟರ್ನೇಟರ್ ಜೋಡಿಸಿದರೆ ಅದರೊಳಗಿನ ಡಯೋಡುಗಳು ಆ ಗಳಿಗೆಯಲ್ಲೇ ಸುಟ್ಟುಹೋಗುತ್ತವೆ. ಆಲ್ಟರ್ನೇಟರಿನಿಂದ ಬ್ಯಾಟರಿಗೆ ಹೋಗುವ ಬಿ ಪ್ಲಸ್ ತಂತಿ ದಪ್ಪನಾಗಿರಲಿ. ಎಚ್ಚರಿಕೆ ದೀಪದ ಡಿ ಪ್ಲಸ್ ತಂತಿಯಲ್ಲಿ 2 ಅಥವಾ 3 ವ್ಯಾಟಿನ ಸಾಮಾನ್ಯ ಬಲ್ಬನ್ನೇ ಹಾಕಿ; ಅಲ್ಲಿ ಎಲ್‌ಇಡಿ ಹಾಕಿದರೆ, ಎಂಜಿನನ್ನು ಒಮ್ಮೆ ಜೋರಾಗಿ ರೇಸ್ ಮಾಡುವ ತನಕ ಚಾರ್ಜ್ ಆರಂಭವಾಗದೆ ಇರಬಹುದು. ಮೂರು ಪುಲ್ಲಿಗಳೂ ಒಂದೇ ಗೆರೆಗೆ ಬಂದಿವೆಯೇ ಎಂದು ನೇರವಾದ ಪಟ್ಟಿಯಿಟ್ಟು ನೋಡಿ. ಕಳಚಿದ ಡೈನಮೋವನ್ನು ಎಸೆಯಬೇಡಿ.

ಮೂರುಕೊಂಡಿ:

ನಿಮ್ಮ ಪಟ್ಟಿಯಲ್ಲಿ ನನಗೆ ಎಲ್ಲಕ್ಕಿಂತ ಅವಸರದ್ದಾಗಿ ಕಂಡದ್ದು ಸ್ಲ್ಯಾಷರಿನ ವಿಷಯ. ಸಿಂಗಲ್ ಕ್ಲಚ್ಚಿನ ಗಾಡಿಯಲ್ಲಿ ಕ್ಲಚ್ ಒತ್ತಿದಾಗ ಎಂಜಿನ್ ಬೇರ್ಪಡುತ್ತದೆಯೇ ಹೊರತು ಪಿಟಿಓ (ಉಪಕರಣವನ್ನು ತಿರುಗಿಸುವ ಹಿಂಬದಿಯ ಶಾಫ್ಟ್) ಮತ್ತು ಹಿಂದಿನ ಚಕ್ರಗಳ ನಡುವಿನ ಕೊಂಡಿ ಕಳಚುವುದಿಲ್ಲ. ಆದ್ದರಿಂದ ರಭಸದಲ್ಲಿ ತಿರುಗುತ್ತಿರುವ ಭಾರವಾದ ಬ್ಲೇಡು, ಪಿಟಿಓ ಶಾಫ್ಟಿನ ಮೂಲಕ ಗೇರ್‌ಬಾಕ್ಸನ್ನು ಹಿಂದಿನಿಂದ ನೂಕುತ್ತ ಗಾಡಿಯನ್ನು ಮುಂದಕ್ಕೆ ಒಯ್ಯುತ್ತದೆ. ಪಿಟಿಓ ಶಾಫ್ಟಿನ ತುದಿಗೆ ಹಾಕುವ ಓವರ್‌ರನ್ನಿಂಗ್ ಕ್ಲಚ್ ಇದಕ್ಕೆ ಸರಿಯಾದ ಪರಿಹಾರ: ಎಂಜಿನ್ ಬ್ಲೇಡನ್ನು ತಿರುಗಿಸಬಲ್ಲದು, ಬ್ಲೇಡು ಗಾಡಿಯನ್ನು ನೂಕಲಾರದು, ಸೈಕಲ್ಲಿನ ಫ್ರೀವೀಲಿನಂತೆ. ಯಾವ ಮೂಲ ಭಾಗವನ್ನೂ ಮುಟ್ಟಬೇಕಿಲ್ಲ. ಅದನ್ನು ಹಾಕಿದ ಮೇಲೆ ಜೋಡಣೆಯ ಉದ್ದ ಹೆಚ್ಚುವುದರಿಂದ, ಉಪಕರಣವನ್ನು ಪೂರ್ತಿ ಎತ್ತಿ, ಪೂರ್ತಿ ಇಳಿಸಿ, ಪಿಟಿಓದಿಂದ ಉಪಕರಣಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಎಲ್ಲಿಯೂ ತಳಕ್ಕೆ ಗುದ್ದುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಗುದ್ದಿದರೆ ಒಳಕೊಳವೆ ಹೊರಕೊಳವೆಗಳೆರಡನ್ನೂ ಸಮನಾಗಿ ಕತ್ತರಿಸಬೇಕು. ಶಾಫ್ಟಿನ ಗಾರ್ಡ್ ಹೊಸ ಉದ್ದವನ್ನು ಮುಚ್ಚುವಂತಿರಬೇಕು.

ಟಿಪ್ಪಿಂಗ್ ಟ್ರೇಲರಿಗೆ ಬರುತ್ತೇನೆ. ನಿಮ್ಮ ಗಾಡಿಯ ಹೈಡ್ರಾಲಿಕ್ ಪಂಪು ಗೇರ್‌ಬಾಕ್ಸಿನ ಎಣ್ಣೆಯಲ್ಲೇ ಮುಳುಗಿದ್ದು ಅದನ್ನೇ ಎತ್ತಿ ಕೊಡುತ್ತದೆ. 10 ಸೆಂಟಿಮೀಟರ್ ಬೋರಿನ, ಒಂದು ಮೀಟರ್ ಚಾಚುವ ಟ್ರೇಲರಿನ ಹೈಡ್ರಾಲಿಕ್ ಜ್ಯಾಕ್ ಪೂರ್ತಿ ಮೇಲೇರಿದಾಗ ಸುಮಾರು 8 ಲೀಟರ್ ಎಣ್ಣೆ ಗೇರ್‌ಬಾಕ್ಸಿನಿಂದ ಹೊರಗೆ ಹೋಗಿರುತ್ತದೆ. ಆ ಹೊತ್ತಿನಲ್ಲಿ ಯಾರಾದರೂ ಡಿಪ್‌ಸ್ಟಿಕ್ ನೋಡಿ ಎಣ್ಣೆ ತುಂಬಿಸಿದರೆ, ಟ್ರೇಲರ್ ಇಳಿದ ಮೇಲೆ ಅದು ಸೀಲುಗಳಿಂದ ಹೊರಬಂದು ಬ್ರೇಕಿನ ಲೈನಿಂಗನ್ನೇ ನೆನೆಸಬಹುದು. ಒಂದೇ ಟ್ರೇಲರನ್ನು ನಾಲ್ಕಾರು ಗಾಡಿಗಳಿಗೆ ಸಿಕ್ಕಿಸುವ ರೂಢಿಯಿದ್ದರೆ, ಆ ಎಲ್ಲ ಗಾಡಿಗಳ ನೀರು, ಮಣ್ಣು, ಬೇರೆ ಜಾತಿಯ ಎಣ್ಣೆ ನಿಮ್ಮ ಗೇರುಗಳಿಗೂ ಬರುತ್ತವೆ. ಪಂಪಿನ ಎಣ್ಣೆಯ ಕೊಳವೆಗೆ ಸಾದಾ ಕವಲು ಕೊಟ್ಟರೆ ಲಿವರ್ ಎತ್ತಿದಾಗ ಎಣ್ಣೆ ಭಾರ ಕಡಿಮೆಯಿರುವ ಕಡೆಗೆ ಹೋಗಿ, ಟ್ರೇಲರಿನ ಬದಲು ಲಿಫ್ಟ್ ಆರ್ಮುಗಳೇ ಮೊದಲು ಏಳುತ್ತವೆ. ಆದ್ದರಿಂದ ಎಣ್ಣೆಯನ್ನು ಬೇಕಾದ ಕಡೆಗೇ ತಿರುಗಿಸುವ ಡೈವರ್ಟರ್ ವಾಲ್ವ್ ಇರುವ ಜೋಡಣೆಯನ್ನೇ ಆರಿಸಿ. ಕ್ಲಚ್ ಪೂರ್ತಿ ಒತ್ತಿದರೆ ಪಂಪೂ ನಿಲ್ಲುತ್ತದೆ ಎಂಬುದು ನೆನಪಿರಲಿ.

ನೊಗ:

ಪವರ್ ಸ್ಟಿಯರಿಂಗ್ ಬಗ್ಗೆ ನನ್ನದು ಭಿನ್ನ ಅಭಿಪ್ರಾಯ: ಮುಂದೆ ಭಾರ ಎತ್ತುವ ಲೋಡರ್ ಇಲ್ಲದ 35ಕ್ಕೆ ಅದು ಬೇಕಿಲ್ಲ. ಮುಂದಿನ ಆಕ್ಸಲನ್ನು ಜ್ಯಾಕಿನ ಮೇಲೆ ಎತ್ತಿ ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿ. ಗ್ರೀಸ್ ಕಾಣದೆ ಒಣಗಿದ ಕಿಂಗ್‌ಪಿನ್ (ಮುಂಚಕ್ರ ತಿರುಗುವ ಕೀಲು) ಬುಷ್ಷುಗಳು ಮತ್ತು ಗಾಳಿ ಇಳಿದ ಟೈರುಗಳು ನಿಮ್ಮ ಭುಜ ನೋವಿಗೆ ಕಾರಣವಾಗಿರುವ ಸಾಧ್ಯತೆಯೇ ಹೆಚ್ಚು. ಸವೆದ ಕೀಲುಗಳ ಮೇಲೆ ಪವರ್ ಸ್ಟಿಯರಿಂಗ್ ಹಾಕಿದರೆ ಸವೆತ ಕೈಗೆ ತಿಳಿಯುವುದೇ ನಿಂತುಹೋಗುತ್ತದೆ.

ಆ ಹಣವನ್ನು ಗಾಡಿ ಉರುಳಿಬಿದ್ದಾಗ ಚಾಲಕನನ್ನು ಕಾಯುವ ಚೌಕಟ್ಟಿಗೆ ಹಾಕಿ. ಸ್ವೀಡನ್ ದೇಶ 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆ ಇದನ್ನು ಕಡ್ಡಾಯ ಮಾಡಿತ್ತು. ನಿಮ್ಮ ಗಾಡಿ ಅದಕ್ಕಿಂತ ಮೂರು ವರ್ಷ ಚಿಕ್ಕದು, ಇನ್ನೂ ಬರಿಮೈಯಲ್ಲಿದೆ. ಪೈಪು ಬಗ್ಗಿಸಿ ಮನೆಯಲ್ಲೇ ವೆಲ್ಡ್ ಮಾಡುವ ಯೋಚನೆ ಬೇಡ. ಆಕ್ಸಲ್ ಹೌಸಿಂಗ್ ಎರಕದ ಕಬ್ಬಿಣವಾದ್ದರಿಂದ ಅದಕ್ಕೆ ವೆಲ್ಡಿಂಗ್ ಸಲ್ಲದು. ಪರೀಕ್ಷೆಗೆ ಒಳಪಟ್ಟ, ಈ ಮಾದರಿಗೆಂದೇ ಮಾಡಿದ, ಹೌಸಿಂಗನ್ನು ತಬ್ಬಿ ಬೋಲ್ಟು ಆಗುವ ಚೌಕಟ್ಟೇ ಬೇಕು. ಚೌಕಟ್ಟಿದ್ದರೆ ಸೀಟ್ ಬೆಲ್ಟ್ ಕಟ್ಟಲೇಬೇಕು, ಚೌಕಟ್ಟಿಲ್ಲದಿದ್ದರೆ ಕಟ್ಟಲೇಬಾರದು.

ಕೀಲೆಣ್ಣೆ:

ಮೂವರಿಗೂ ಕೃತಜ್ಞತೆಗಳು. ಅರ್ಥ್ ಕಡೆ 1.6 ವೋಲ್ಟ್ ತೋರಿಸಿತು. ಅರ್ಥ್ ಕೇಬಲ್ಲನ್ನು ಬಿಚ್ಚಿದಾಗ ಅದರ ಕೆಳಗೆ ಕಳೆದ ವರ್ಷ ನಾನೇ ಬಳಿದ ಬೂದು ಬಣ್ಣ ಉಗುರಿನಷ್ಟು ದಪ್ಪಕ್ಕೆ ಕುಳಿತಿತ್ತು. ಕೆರೆದು ಬಿಗಿದ ಮೇಲೆ 0.2ಕ್ಕೆ ಇಳಿದಿದೆ, ಇಂದು ಬೆಳಗ್ಗೆ ಎರಡನೆಯ ಸುತ್ತಿಗೇ ಎಂಜಿನ್ ಹಿಡಿಯಿತು. ಎಡಗಡೆಯ ಕಿಂಗ್‌ಪಿನ್ನಿಗೆ ಗ್ರೀಸ್ ಹೋಗುತ್ತಲೇ ಇರಲಿಲ್ಲ, ನಿಪ್ಪಲ್ ಕಟ್ಟಿಕೊಂಡಿತ್ತು. ಓವರ್‌ರನ್ನಿಂಗ್ ಕ್ಲಚ್ಚಿಗೆ ಹೇಳಿದ್ದೇನೆ, ಅದು ಬರುವ ತನಕ ಸ್ಲ್ಯಾಷರನ್ನು ಬಿಚ್ಚಿಟ್ಟಿರುತ್ತೇನೆ. ಚೌಕಟ್ಟಿನ ಅಳತೆಗಾಗಿ ಹೌಸಿಂಗಿನ ಸುತ್ತಳತೆ ತೆಗೆಯುವಾಗ ಮಡ್‌ಗಾರ್ಡ್ ಬಿಚ್ಚಬೇಕಾಗುತ್ತದೆಯೇ ಎಂಬುದನ್ನು ನೊಗ ಅವರು ತಿಳಿಸಿದರೆ ಉಪಕಾರವಾಗುತ್ತದೆ.