ಘಾಟಿಯಲ್ಲಿ ಎಳೆತ ಬೀಳುತ್ತಿದೆ: 1613ಕ್ಕೆ ಎಲೆಕ್ಟ್ರಿಕ್ ಫೀಡ್ ಪಂಪ್ ಯಾವುದು ಹಾಕಿಸಲಿ?

ಲಾರಿ ಮಾಲೀಕ, ಸಕಲೇಶಪುರ

ಗಾಡಿ ಟಾಟಾ 1613 ಟರ್ಬೊ, ಇನ್‌ಲೈನ್ ಪಂಪ್ (ಇಂಜೆಕ್ಟರುಗಳಿಗೆ ಡೀಸೆಲ್ ಒತ್ತಿ ಕೊಡೋದು), 24 ವೋಲ್ಟ್. ಮಂಗಳೂರಿಂದ ಗೊಬ್ಬರ ತುಂಬಿಕೊಂಡು ಗುಂಡ್ಯ ದಾಟಿ ಶಿರಾಡಿ ಹತ್ತುವಾಗ ಹತ್ತು ನಿಮಿಷ ಚೆನ್ನಾಗಿ ಎಳೆಯುತ್ತೆ, ಆಮೇಲೆ ಪಿಕಪ್ ಬೀಳುತ್ತೆ. ಗೇರ್ ಇಳಿಸಿದರೂ ಆರ್‌ಪಿಎಂ ಏರಲ್ಲ. ಕಪ್ಪು ಹೊಗೆ ಇಲ್ಲ. ಐದು ನಿಮಿಷ ನಿಲ್ಲಿಸಿದರೆ ಮತ್ತೆ ಸ್ವಲ್ಪ ದೂರ ಸರಿ ಹೋಗುತ್ತೆ. ಬೆಳಿಗ್ಗೆ ಪ್ರೈಮರ್ (ಡೀಸೆಲ್ ಏರಿಸೋ ಕೈಪಂಪ್) ಹೊಡೆಯದೆ ಸ್ಟಾರ್ಟ್ ಆಗಲ್ಲ. ಡೀಸೆಲ್ ಫಿಲ್ಟರ್ ಎರಡೂ ಹೊಸದು, ಏರ್ ಫಿಲ್ಟರ್ ಕ್ಲೀನ್ ಇದೆ. ಟ್ಯಾಂಕಿನಿಂದ ಡೀಸೆಲ್ ಎಳೆದು ಕಳಿಸೋ ಫೀಡ್ ಪಂಪ್ ತೆಗೆದು ಎಲೆಕ್ಟ್ರಿಕ್ ಹಾಕಿಸಿ ಅಂತಿದಾರೆ ಮೆಕ್ಯಾನಿಕ್. ಎಷ್ಟು ಲೀಟರಿನದು, ಎಷ್ಟು ಪ್ರೆಷರಿನದು ತಗೊಳ್ಳಲಿ?

ಡೀಸೆಲ್ ಪಂಪ್ ಕೆಲಸ, ಹಾಸನ

ಅಣ್ಣ, ಪಂಪ್ ಕೊಳ್ಳೋಕೆ ಮುಂಚೆ ಒಂದು ಗೇಜ್ ತಗೊಳ್ಳಿ. 0–4 ಬಾರಿನದು ಸಾಕು. ಫಿಲ್ಟರ್‌ನಿಂದ ಇನ್‌ಲೈನ್ ಪಂಪಿಗೆ ಹೋಗೋ ಪೈಪಿಗೆ ಟೀ (ಮೂರು ಬಾಯಿಯ ಜೋಡಣೆ) ಹಾಕಿ ಕೂರಿಸಿ. ನಿಂತಲ್ಲೇ ರೇಸ್ ಮಾಡಿ ನೋಡಿದರೆ ಸಾಲದು, ಲೋಡಿನಲ್ಲಿ ಏರು ಹತ್ತುವಾಗ ಮುಳ್ಳು ಎಲ್ಲಿರುತ್ತೆ ಅಂತ ನೋಡಬೇಕು. ಈ ಥರದ ಪಂಪಿಗೆ 1 ಬಾರ್ ಆಸುಪಾಸು ಇದ್ದರೆ ಚೆನ್ನ. 0.5ಕ್ಕಿಂತ ಕೆಳಗೆ ಬಿದ್ದರೆ ಇಂಜಿನ್ ಹಸಿದಿದೆ ಅಂತ ಅರ್ಥ. ಕಪ್ಪು ಹೊಗೆ ಇಲ್ಲದೆ ಎಳೆತ ಬೀಳೋದೂ ಅದನ್ನೇ ಹೇಳುತ್ತೆ. ಗಾಳಿ ಸಾಲದಿದ್ದರೆ ಹೊಗೆ ಕಪ್ಪಾಗ್ತಿತ್ತು.

ಮುಳ್ಳು ಬಿದ್ದರೆ, ಮಿಕ್ಕ ಡೀಸೆಲ್ ಟ್ಯಾಂಕಿಗೆ ವಾಪಸ್ ಹೋಗೋ ರಿಟರ್ನ್ ರಬ್ಬರ್ ಪೈಪನ್ನ ಎರಡು ಸೆಕೆಂಡ್ ಒತ್ತಿ ಹಿಡಿದು ನೋಡಿ. ಪ್ರೆಷರ್ ತಟ್ಟನೆ ಏರಿದರೆ ಫೀಡ್ ಪಂಪ್ ಸರಿಯಿದೆ, ರಿಟರ್ನಿನ ದಾರಿಯಲ್ಲಿ ಪ್ರೆಷರ್ ಹಿಡಿದಿಡೋ ಓವರ್‌ಫ್ಲೋ ವಾಲ್ವಿನ ಸ್ಪ್ರಿಂಗ್ ಸೋತಿದೆ. ಏರದಿದ್ದರೆ ಫೀಡ್ ಪಂಪ್ ಅಥವಾ ಅದರ ಹಿಂದಿನ ಲೈನು. ಇದನ್ನ ನಿಂತ ಗಾಡಿಯಲ್ಲಿ, ರೇಸ್ ಮಾಡಿಸಿ ನೋಡಿ.

ಫೀಡ್ ಪಂಪಿನ ಇನ್‌ಲೆಟ್‌ಗೆ ಒಂದು ಅಡಿ ಪಾರದರ್ಶಕ ಪೈಪ್ ಹಾಕಿ ಗುಳ್ಳೆ ಬರುತ್ತಾ ನೋಡಿ. ಎಳೆಯೋ ಕಡೆ ಸೋರಿಕೆ ಇದ್ದರೆ ಡೀಸೆಲ್ ಹೊರಗೆ ಒಸರಲ್ಲ, ಗಾಳಿ ಒಳಗೆ ಹೋಗುತ್ತೆ. ಅದಕ್ಕೇ ಕಣ್ಣಿಗೆ ಕಾಣಲ್ಲ. ತಾಮ್ರದ ವಾಷರ್ ಒಮ್ಮೆ ಬಿಚ್ಚಿದ ಮೇಲೆ ಹೊಸದು ಹಾಕಲೇಬೇಕು.

ಕೊನೆಗೆ ಕ್ಯಾನ್ ಪರೀಕ್ಷೆ. 20 ಲೀಟರ್ ಕ್ಯಾನನ್ನ ಚಾಸಿಗೆ ಭದ್ರವಾಗಿ ಕಟ್ಟಿ, ಫೀಡ್ ಪಂಪಿಗೆ ಅದರಿಂದ ಪೈಪ್ ಕೊಟ್ಟು, ರಿಟರ್ನನ್ನೂ ಕ್ಯಾನಿಗೇ ತಿರುಗಿಸಿ. ರಿಟರ್ನ್ ಟ್ಯಾಂಕಿಗೇ ಹೋಗ್ತಾ ಇದ್ದರೆ ಅರ್ಧ ಘಾಟಿಗೆ ಕ್ಯಾನ್ ಖಾಲಿ. ಕ್ಯಾನ್‌ನಿಂದ ಎಳೆತ ಸರಿಯಿದ್ದರೆ ತಪ್ಪು ಟ್ಯಾಂಕ್ ಕಡೆಗಿದೆ: ಎಳೆಯೋ ಪೈಪಿನ ತುದಿಯ ಜಾಲರಿ, ಅಥವಾ ಮುಚ್ಚಳದ ಗಾಳಿರಂಧ್ರ. ಎಸ್ಟೇಟ್ ದಾರಿಯ ಕೆಸರಿಗೆ ರಂಧ್ರ ಮುಚ್ಚಿಹೋಗೋದು ಹೊಸದಲ್ಲ. ಎಳೆತ ಬಿದ್ದಾಗ ಮುಚ್ಚಳ ಸಡಿಲಿಸಿ, ಉಸ್ ಅಂತ ಗಾಳಿ ಒಳಗೆ ಎಳೆದುಕೊಂಡರೆ ಉತ್ತರ ಅಲ್ಲೇ ಸಿಕ್ಕಿತು. ಐದು ನಿಮಿಷ ನಿಂತರೆ ಸರಿಯಾಗುತ್ತೆ ಅಂದಿರಲ್ಲ, ನನ್ನ ಅನುಮಾನ ಟ್ಯಾಂಕಿನ ಮೇಲೇ.

ಸಾಗಾಟ, ಮೂಡಿಗೆರೆ

ಎಲೆಕ್ಟ್ರಿಕ್ ಹಾಕಿಸೋದೇ ಆದರೆ ಲೆಕ್ಕ ಹೀಗೆ. ಈ ಇಂಜಿನ್ನಿನ 130 ಎಚ್‌ಪಿ ಅಂದರೆ ಸುಮಾರು 97 ಕಿಲೋವ್ಯಾಟ್. ಪೂರ್ತಿ ಲೋಡಿನಲ್ಲಿ ಕಿಲೋವ್ಯಾಟ್‌ಗೆ ಗಂಟೆಗೆ 215 ಗ್ರಾಂ ಹಿಡಿದರೆ 21 ಕೆಜಿ, ಅಂದರೆ 25 ಲೀಟರ್. ಪಂಪ್ ತಣ್ಣಗಿರೋಕೆ, ಗಾಳಿ ಹೊರಹೋಗೋಕೆ ರಿಟರ್ನ್ ಹರಿವು ಬೇಕು, ಫಿಲ್ಟರ್ ಹಳೆಯದಾದಾಗಲೂ ಸಾಲಬೇಕು. ಮೂರು-ನಾಲ್ಕು ಪಟ್ಟು ಇಟ್ಟರೆ ಗಂಟೆಗೆ 80ರಿಂದ 100 ಲೀಟರ್. ಪೆಟ್ಟಿಗೆ ಮೇಲಿನ ಅಂಕಿ ತಡೆಯಿಲ್ಲದೆ ಹರಿಯುವಾಗಿನದು, 0.5 ಬಾರಿನಲ್ಲಿ ಎಷ್ಟು ಅಂತ ಕೇಳಿ. ಮನೆಯಲ್ಲೇ ಅಳೆಯಬಹುದು: ಒಂದು ಲೀಟರ್ ಬಾಟಲಿ 36 ಸೆಕೆಂಡಿಗೆ ತುಂಬಿದರೆ ಗಂಟೆಗೆ 100 ಲೀಟರ್.

ಪ್ರೆಷರ್ 0.3–0.5 ಬಾರ್ ಸಾಕು. ಇದು ಮೆಕ್ಯಾನಿಕಲ್ ಫೀಡ್ ಪಂಪಿನ ಹಿಂದೆ, ಟ್ಯಾಂಕ್ ಕಡೆ ಕೂರುತ್ತೆ, ಅದರ ಜಾಗಕ್ಕಲ್ಲ. ಕಾರಿನ ಪೆಟ್ರೋಲ್ ಇಂಜೆಕ್ಷನ್ ಪಂಪ್ 3 ಬಾರ್ ಕೊಡುತ್ತೆ, ಅದನ್ನ ಹಾಕಿಸಬೇಡಿ. ಹೆಚ್ಚು ಒತ್ತಿದರೆ ಫೀಡ್ ಪಂಪಿನ ಕಡ್ಡಿ ಪಕ್ಕದಿಂದ ಡೀಸೆಲ್ ಒಳಗಿಳಿದು ಇಂಜಿನ್ ಆಯಿಲ್ ಸೇರುತ್ತೆ. ರೋಟರಿ ಪಂಪಿನ ಗಾಡಿಗಳಲ್ಲಿ ಶಾಫ್ಟ್ ಸೀಲ್ ಹೋಗುತ್ತೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಏರಿದ್ದರೆ, ಡೀಸೆಲ್ ವಾಸನೆ ಇದ್ದರೆ ಗಾಡಿ ಓಡಿಸಬಾರದು, ಬೇರಿಂಗ್ ಉಳಿಯಲ್ಲ.

ಇನ್ನೊಂದು ಮುಖ್ಯ ಸಂಗತಿಯನ್ನ ಅಂಗಡಿಯವರು ಹೇಳಲ್ಲ. ಪಂಪ್ ಕೆಟ್ಟಾಗ ಡೀಸೆಲನ್ನ ತನ್ನೊಳಗಿಂದ ಬಿಡುತ್ತಾ? ಪ್ಲಂಜರ್ ಥರದವು ಸಾಮಾನ್ಯವಾಗಿ ಬಿಡ್ತವೆ. ರೋಲರ್, ಗೇರ್ ಥರದವು ತಡೀತವೆ. ಅಂಥದಕ್ಕೆ ನಾನ್ ರಿಟರ್ನ್ ವಾಲ್ವ್ ಇರೋ ಬೈಪಾಸ್ ಪೈಪ್ ಪಕ್ಕದಲ್ಲೇ ಹಾಕಿಸಿ, ಇಲ್ಲದಿದ್ದರೆ ಫ್ಯೂಸ್ ಹೋದ ದಿನ ಘಾಟಿ ಮಧ್ಯೆ ನಿಲ್ಲುತ್ತೆ.

ಗಾಡಿ ವೈರಿಂಗ್, ಚಿಕ್ಕಮಗಳೂರು

24 ವೋಲ್ಟಿನ ಪಂಪೇ ಬೇಕು. 12ರದ್ದು ತಂದು ಒಂದೇ ಬ್ಯಾಟರಿಯಿಂದ ಲೈನ್ ಎಳೆಯೋದು ತಪ್ಪು, ಆ ಬ್ಯಾಟರಿ ಇಳಿಯುತ್ತೆ, ಇನ್ನೊಂದು ಓವರ್‌ಚಾರ್ಜ್ ಆಗಿ ಎರಡೂ ಹೋಗ್ತವೆ. 2.5 ಚದರ ಮಿಮೀ ವೈರ್, ಬ್ಯಾಟರಿ ಪಕ್ಕದಲ್ಲೇ 10 ಆಂಪ್ ಫ್ಯೂಸ್, ರಿಲೇ. ರಿಲೇಗೆ ಕೀ ಲೈನಲ್ಲ, ಆಲ್ಟರ್ನೇಟರಿನ ಚಾರ್ಜಿಂಗ್ ಲ್ಯಾಂಪ್ ಟರ್ಮಿನಲ್‌ನಿಂದ ಕೊಡಿ. ಆಗ ಇಂಜಿನ್ ನಿಂತರೆ ಪಂಪೂ ನಿಲ್ಲುತ್ತೆ. ಅಪಘಾತದಲ್ಲಿ ಪೈಪ್ ಹರಿದರೆ ಡೀಸೆಲ್ ರಸ್ತೆಗೆ ಸುರಿಯಬಾರದು. ಪ್ರೈಮಿಂಗಿಗೆ ಬೇರೆ ಒತ್ತು ಬಟನ್ ಇಡಿ. ಅರ್ತನ್ನ ಬಣ್ಣ ಕೆರೆದ ಲೋಹಕ್ಕೆ ಕೊಡಿ. ಪಂಪ್ ಓಡುವಾಗ ಅದರ ಟರ್ಮಿನಲ್‌ನಲ್ಲಿ ವೋಲ್ಟೇಜ್ ಬ್ಯಾಟರಿಯದಕ್ಕಿಂತ ಅರ್ಧ ವೋಲ್ಟಿಗೂ ಜಾಸ್ತಿ ಇಳಿದಿರಬಾರದು.

ಪಂಪ್ ಟ್ಯಾಂಕ್ ಹತ್ತಿರ, ತಗ್ಗಿನಲ್ಲಿ, ಸೈಲೆನ್ಸರಿನಿಂದ ದೂರ. ತಳ್ಳೋದು ಅದಕ್ಕೆ ಸುಲಭ, ಎಳೆಯೋದು ಕಷ್ಟ.

ಲಾರಿ ಮಾಲೀಕ, ಸಕಲೇಶಪುರ

ಗೇಜ್ ಹಾಕಿಸಿದೆ. ಟ್ಯಾಂಕಿನಿಂದ ಏರಿನಲ್ಲಿ 0.3, ಕ್ಯಾನಿನಿಂದ 0.9, ಎಳೆತವೂ ಪೂರ್ತಿ. ಜಾಲರಿ ತುಂಬ ಕಂದು ಲೋಳೆ. ತೊಳೆದ ಮೇಲೆ ಟ್ಯಾಂಕಿನಿಂದಲೂ 0.9. ಗುಳ್ಳೆ ಇಲ್ಲ. ಆದರೆ ಬೆಳಿಗ್ಗೆ ಪ್ರೈಮರ್ ಇನ್ನೂ ಬೇಕು.

ಡೀಸೆಲ್ ಪಂಪ್ ಕೆಲಸ, ಹಾಸನ

ಹಾಗಾದರೆ ಎಲೆಕ್ಟ್ರಿಕ್ ಬೇಡ ಅಣ್ಣ. ಲೋಳೆ ಡೀಸೆಲ್ಲಿನ ತಳದ ನೀರಿನಲ್ಲಿ ಬೆಳೆಯೋದು. ಮಲೆನಾಡಿನ ತೇವಕ್ಕೆ ಅರ್ಧ ಖಾಲಿ ಟ್ಯಾಂಕಿನೊಳಗೆ ನೀರು ಕೂರುತ್ತೆ. ಜಾಲರಿ ಮಾತ್ರ ತೊಳೆದರೆ ತಿಂಗಳೊಳಗೆ ಮತ್ತೆ ಬರುತ್ತೆ, ಟ್ಯಾಂಕ್ ಇಳಿಸಿ ಪೂರ್ತಿ ತೊಳೆಸಿ. ಜಾಲರಿ ಕಿತ್ತು ಹಾಕಬೇಡಿ. ಮಳೆಗಾಲದಲ್ಲಿ ರಾತ್ರಿ ನಿಲ್ಲಿಸುವಾಗ ಟ್ಯಾಂಕ್ ತುಂಬಿರಲಿ, ವಾಟರ್ ಸೆಪರೇಟರಿನ ನೀರು ವಾರಕ್ಕೊಮ್ಮೆ ಹೊರಬಿಡಿ.

ಬೆಳಗಿನ ತೊಂದರೆ ಫೀಡ್ ಪಂಪಿನ ವಾಲ್ವ್‌ಗಳದು. ಅವು ಕೂರದೆ ರಾತ್ರಿ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತೆ. ಪಿಸ್ಟನ್ ಬೋರಿನಲ್ಲಿ ಗೀರಿಲ್ಲದಿದ್ದರೆ ಕಿಟ್ ಸಾಕು: ಎರಡು ವಾಲ್ವ್, ಸ್ಪ್ರಿಂಗ್, ವಾಷರ್. ಗೀರಿದ್ದರೆ ಹೊಸ ಮೆಕ್ಯಾನಿಕಲ್ ಪಂಪ್. ಅದಕ್ಕೆ ಹಳೇ ಪಂಪಿನ ಮೈಮೇಲೆ ಹೊಡೆದ ನಂಬರ್ ಹೊಂದಬೇಕು, ನೋಡೋಕೆ ಒಂದೇ ಥರ ಇದ್ದರೆ ಸಾಲದು. ಅಂಗಡಿಯಲ್ಲೇ ಒಂದು ಮೀಟರ್ ಪೈಪ್ ಹಾಕಿ ತುದಿ ಡೀಸೆಲಿನಲ್ಲಿ ಅದ್ದಿ ಪ್ರೈಮರ್ ಒತ್ತಿ. ಎಳೆದ ಮೇಲೆ ಕೈ ಬಿಟ್ಟು ಹತ್ತು ನಿಮಿಷ ನೋಡಿ, ಪೈಪಿನಲ್ಲಿ ಡೀಸೆಲ್ ಕೆಳಗಿಳಿದರೆ ಆ ಪಂಪನ್ನ ಅಲ್ಲೇ ವಾಪಸ್ ಕೊಡಿ.

ಕೂರಿಸುವಾಗ ಮೂರೂ ನಟ್ ಸಮನಾಗಿ ಬಿಗಿಯಿರಿ. ಗಾಳಿ ಮೊದಲು ಫಿಲ್ಟರಿನ ಸ್ಕ್ರೂನಲ್ಲಿ, ಆಮೇಲೆ ಪಂಪಿನ ಸ್ಕ್ರೂನಲ್ಲಿ ತೆಗೀರಿ. ಗೇಜ್ ಬಿಚ್ಚಬೇಡಿ, ಇನ್ನೊಂದು ಟ್ರಿಪ್ ಲೋಡಿನಲ್ಲಿ ಶಿರಾಡಿ ಹತ್ತಿಸಿ ನೋಡಿ.