ಸುಳ್ಳು ಮಾಹಿತಿ ತುಂಬಿಸಿ ಟ್ರ್ಯಾಕಿಂಗ್ ಕೆಡಿಸೋದು: ಯಾವುದು ಕೆಲಸ ಮಾಡುತ್ತೆ, ಯಾವುದು ಮಾಡಲ್ಲ?

ಒಂಟಿಕೊಪ್ಪಲ್_ಓದುಗ, ಮೈಸೂರು

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಒಂದು ವಿಂಡೋಸ್ ಲ್ಯಾಪ್‌ಟಾಪ್, ಎರಡು ಆಂಡ್ರಾಯ್ಡ್ ಫೋನ್ ಇವೆ. ಜಾಹೀರಾತು ಕಂಪನಿಗಳನ್ನ ತಡೆಯೋ ದಾರಿ ಗೊತ್ತು, ಬ್ಲಾಕರ್ ಹಾಕಿದ್ದೀನಿ. ಈಗ ಕೇಳ್ತಿರೋದು ಇನ್ನೊಂದು ದಾರಿ: ಬೇಕಂತಲೇ ಸುಳ್ಳು ಮಾಹಿತಿ ಕೊಟ್ಟು ಅವರ ಲೆಕ್ಕಾನೇ ಕೆಡಿಸೋದು.

ಆಡ್‌ನಾಸಿಯಂ, ಟ್ರ್ಯಾಕ್‌ಮಿನಾಟ್ ಅನ್ನೋ ಬ್ರೌಸರ್ ಎಕ್ಸ್‌ಟೆನ್ಷನ್ ಹಾಕಿಕೊಂಡರೆ ನಿಜಕ್ಕೂ ಉಪಯೋಗ ಇದೆಯಾ? ದೇವರಾಜ ಅರಸು ರಸ್ತೆಯ ಬಟ್ಟೆ ಅಂಗಡೀಲೂ ಬಿಲ್ ಹಾಕೋ ಮುಂಚೆ ಫೋನ್ ನಂಬರ್ ಕೇಳ್ತಾರೆ. ಬಾಯಿಗೆ ಬಂದ ಹತ್ತು ಅಂಕಿ ಹೇಳಿದರೆ ಆಗುತ್ತಾ? ಹುಟ್ಟಿದ ದಿನ, ಇಮೇಲ್ ಕೇಳೋ ಆಪ್‌ಗಳಿಗೆ ಏನು ಕೊಡಬೇಕು? ಕಾನೂನಿನ ತೊಡಕು ಏನಾದರೂ ಇದೆಯಾ?

ಸಕ್ಕರೆನಾಡು_ಸರ್ವರ್, ಮಂಡ್ಯ

ಅಣ್ಣ, ಮೊದಲು ಆ ಎರಡು ಸಾಧನಗಳ ವಿಷಯ.

ಟ್ರ್ಯಾಕ್‌ಮಿನಾಟ್ 2006ರದ್ದು. ನೀವು ಹುಡುಕೋದರ ಜೊತೆಗೆ ತಾನೇ ಆಗಾಗ ಹುಸಿ ಹುಡುಕಾಟ ಕಳಿಸ್ತಾ ಇರುತ್ತೆ. ಪದಗಳನ್ನ ಸುದ್ದಿ ಫೀಡ್‌ಗಳಿಂದ ಎತ್ತಿಕೊಳ್ಳುತ್ತೆ. ತೊಂದರೆ ಇರೋದೇ ಅಲ್ಲಿ. ಮಂಡ್ಯದವನು ಹುಡುಕೋದು ಕೆಆರ್‌ಎಸ್ ನೀರಿನ ಮಟ್ಟ, ಕಬ್ಬಿನ ದರ, ಮಗುವಿಗೆ ಬಂದ ಜ್ವರದ ಲಕ್ಷಣ. ಅದರ ಮಧ್ಯೆ ಹೊರದೇಶದ ಸುದ್ದಿಯ ತಲೆಬರಹ ಬಂದರೆ ಯಾವುದು ಕಾಳು ಯಾವುದು ಜೊಳ್ಳು ಅಂತ ಯಂತ್ರಕ್ಕೆ ಸುಲಭವಾಗಿ ಗೊತ್ತಾಗುತ್ತೆ. ಎಒಎಲ್ ಕಂಪನಿ 2006ರಲ್ಲಿ ಸುಮಾರು ಆರೂವರೆ ಲಕ್ಷ ಜನರ ಮೂರು ತಿಂಗಳ ಹುಡುಕಾಟಗಳನ್ನ ಹೊರಬಿಟ್ಟಿತ್ತಲ್ಲ, 2010ರಲ್ಲಿ ಸಂಶೋಧಕರು ಅದೇ ದತ್ತಾಂಶ ಇಟ್ಟುಕೊಂಡು ಹುಸಿ ಹುಡುಕಾಟಗಳನ್ನ ಬಹುಪಾಲು ಬೇರ್ಪಡಿಸಿ ತೋರಿಸಿದರು. ನಿಮ್ಮ ಹಳೇ ಹುಡುಕಾಟದ ಚರಿತ್ರೆ ಕಂಪನಿ ಕೈಲಿದ್ದರೆ ಜರಡಿ ಹಿಡಿಯೋದು ಸಲೀಸು. ಅದರಲ್ಲೂ ಖಾತೆಗೆ ಲಾಗಿನ್ ಆಗಿದ್ದರೆ ನಿಜ, ಸುಳ್ಳು ಎರಡೂ ಒಂದೇ ಹೆಸರಿಗೆ ಜಮಾ ಆಗುತ್ತೆ. ನನ್ನ ಮಟ್ಟಿಗೆ ಇದು ಬೇಡ. ಲಾಗಿನ್ ಇಲ್ಲದ ಬ್ರೌಸರ್ ಪ್ರೊಫೈಲ್‌ನಲ್ಲಿ ಹುಡುಕೋದು ಇದಕ್ಕಿಂತ ಎಷ್ಟೋ ವಾಸಿ.

ಆಡ್‌ನಾಸಿಯಂ ಬೇರೆ ಜಾತಿ. ಯುಬ್ಲಾಕ್ ಒರಿಜಿನ್ ಅನ್ನೋ ಜಾಹೀರಾತು ಬ್ಲಾಕರ್ ಮೇಲೆ ಕಟ್ಟಿದ್ದು: ಜಾಹೀರಾತನ್ನ ನಿಮಗೆ ತೋರಿಸದೆ ಮರೆಮಾಡಿ, ಹಿಂದಿನಿಂದ ತಾನೇ ಕ್ಲಿಕ್ ಒತ್ತುತ್ತೆ. ಎಲ್ಲಾ ಜಾಹೀರಾತಿಗೂ ಕ್ಲಿಕ್ ಬಿದ್ದರೆ ನಿಮ್ಮ ನಿಜವಾದ ಆಸಕ್ತಿ ಯಾವುದು ಅನ್ನೋದು ಆ ರಾಶಿಯಲ್ಲಿ ಮುಚ್ಚಿಹೋಗುತ್ತೆ. 2017ರ ಜನವರಿಯಲ್ಲಿ ಕ್ರೋಮ್ ಅಂಗಡಿಯಿಂದ ಇದನ್ನ ತೆಗೆದುಹಾಕಿದರು, ಹಾಗಾಗಿ ಫೈರ್‌ಫಾಕ್ಸ್‌ನಲ್ಲಿ ಹಾಕಿಕೊಳ್ಳಿ. ಮಾಡಬೇಕಾದ್ದು ಇಷ್ಟು:

ಬೇರೆ ಬ್ಲಾಕರ್‌ಗಳನ್ನೆಲ್ಲ ಆಫ್ ಮಾಡಿ. ಅವು ಜಾಹೀರಾತನ್ನ ಬಾಗಿಲಲ್ಲೇ ತಡೆದರೆ ಆಡ್‌ನಾಸಿಯಂಗೆ ಕ್ಲಿಕ್ ಮಾಡೋಕೆ ಏನೂ ಸಿಗಲ್ಲ. "ಹಾಕಿದೆ, ಹಿಡಿದ ಜಾಹೀರಾತು ಕೂಡಿಡೋ ಪೆಟ್ಟಿಗೆ ಖಾಲಿ ಇದೆ" ಅಂತ ಬರೋ ದೂರಿಗೆಲ್ಲ ಸಾಮಾನ್ಯವಾಗಿ ಇದೇ ಕಾರಣ. ಆಮೇಲೆ ಸೆಟ್ಟಿಂಗ್‌ನಲ್ಲಿ ಕ್ಲಿಕ್ ಪ್ರಮಾಣ ಇಳಿಸಿ. ನೂರಕ್ಕೆ ನೂರು ಕ್ಲಿಕ್ ಮಾಡೋ ಮನುಷ್ಯ ಯಾರೂ ಇಲ್ಲ, ಅಂಥ ದಾಖಲೆ ಕಂಡರೆ ಅವರ ವ್ಯವಸ್ಥೆ ಅದನ್ನ ಯಂತ್ರದ ಕೆಲಸ ಅಂತ ಆಚೆ ಹಾಕುತ್ತೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಓಡಿಸಬೇಡಿ, ಡೇಟಾ ಸುಮ್ಮನೆ ಕರಗುತ್ತೆ.

ಇನ್ನೊಂದು ಮಾತು. ನಮ್ಮ ಕಡೆಯ ಸಣ್ಣಪುಟ್ಟ ಕನ್ನಡ ಸುದ್ದಿ ತಾಣಗಳು ಬದುಕಿರೋದು ಜಾಹೀರಾತಿನ ಕಾಸಿನಲ್ಲೇ. ಹುಸಿ ಕ್ಲಿಕ್ ಹೆಚ್ಚಾದರೆ ಅವರ ಜಾಹೀರಾತು ಖಾತೆಗೇ ಕುತ್ತು ಬರಬಹುದು. ಅಂಥ ತಾಣಗಳನ್ನ ಆಡ್‌ನಾಸಿಯಂನಲ್ಲಿ ಆಫ್ ಮಾಡಿಟ್ಟುಕೊಳ್ಳಿ, ದಯವಿಟ್ಟು.

ಕುಕ್ಕರಹಳ್ಳಿ_ದಂಡೆ, ಮೈಸೂರು

ಸರ್ವರ್ ಅವರು ಹೇಳಿದ್ದು ಸರಿ. ಆದರೆ ಸುಳ್ಳು ಮಾಹಿತಿ ನಿಜವಾಗಿ ಫಲ ಕೊಡೋದು ಫಾರಂ ತುಂಬೋ ಜಾಗದಲ್ಲಿ. ಕಂಪನಿಗಳು ಒಂದು ಕಡೆಯ ದಾಖಲೆಯನ್ನ ಇನ್ನೊಂದಕ್ಕೆ ಹೊಲಿಯೋ ದಾರ ಅಂದರೆ ಫೋನ್ ನಂಬರ್ ಮತ್ತು ಇಮೇಲ್. ಆ ದಾರ ಕಡಿದರೆ ಸಾಕು, ಉಳಿದದ್ದು ತಾನಾಗೇ ಬಿಡಿಬಿಡಿ ಆಗುತ್ತೆ.

ಇಮೇಲ್: ಜಿಮೇಲ್ ಹೆಸರಿನ ಕೊನೆಗೆ ಪ್ಲಸ್ ಹಾಕಿ ಅಂಗಡಿ ಹೆಸರು ಸೇರಿಸೋ ಉಪಾಯ ಎಲ್ಲರಿಗೂ ಗೊತ್ತು. ಅದನ್ನ ನಂಬಬೇಡಿ. ಪ್ಲಸ್‌ನಿಂದ ಆಚೆಗಿನದನ್ನ ಕತ್ತರಿಸೋಕೆ ಒಂದು ಸಾಲಿನ ಕೋಡ್ ಸಾಕು, ಅಸಲಿ ವಿಳಾಸ ಹಾಗೇ ಸಿಗುತ್ತೆ. ಅದರ ಬದಲು ಮುಸುಕು ವಿಳಾಸ ಮಾಡಿ, ಅಂದರೆ ಬಂದ ಮೇಲನ್ನ ನಿಮ್ಮ ಅಸಲಿ ವಿಳಾಸಕ್ಕೆ ದಾಟಿಸೋ ಬೇರೆ ವಿಳಾಸ. ಫೈರ್‌ಫಾಕ್ಸ್ ರಿಲೇಯಲ್ಲಿ 5, ಸಿಂಪಲ್‌ಲಾಗಿನ್‌ನಲ್ಲಿ 10 ಬಿಟ್ಟಿ ಸಿಗುತ್ತೆ. ಒಂದು ಜಾಗಕ್ಕೆ ಒಂದೇ ವಿಳಾಸ. ಚಪ್ಪಲಿ ಅಂಗಡಿಗೆ ಅಂತ ಮಾಡಿದ ವಿಳಾಸಕ್ಕೆ ನಾಳೆ ಸಾಲದ ಜಾಹೀರಾತು ಬಂತು ಅನ್ನಿ, ಮೇಲ್ ತೆರೆದು ಅದು ಯಾವ ಮುಸುಕು ವಿಳಾಸಕ್ಕೆ ಬಂದಿದೆ ಅಂತ ನೋಡಿ. ಯಾರಿಂದ ಸೋರಿತು ಅಂತ ಅಲ್ಲೇ ಗೊತ್ತಾಗುತ್ತೆ.

ಹುಟ್ಟಿದ ದಿನ: ಜನವರಿ 1 ಕೊಡಬೇಡಿ. ದತ್ತಾಂಶ ಶುಚಿ ಮಾಡುವವರು ಮೊದಲು ಅನುಮಾನ ಪಡೋದೇ ಆ ತಾರೀಖನ್ನ. ನಿಜದ ವಯಸ್ಸಿಗೆ ಎರಡು ಮೂರು ವರ್ಷ ಆಚೀಚೆ, ತಿಂಗಳ ಮಧ್ಯದ ಯಾವುದಾದರೂ ದಿನ ಕೊಡಿ. "ತಾಯಿಯ ತವರಿನ ಹೆಸರು" ಥರದ ಭದ್ರತಾ ಪ್ರಶ್ನೆಗೆ ಸಂಬಂಧವೇ ಇಲ್ಲದ ಮೂರು ಪದ ಬರೆಯಿರಿ. ಕೊಟ್ಟ ಪ್ರತಿ ಸುಳ್ಳನ್ನೂ ಬಿಟ್‌ವಾರ್ಡನ್ ಅಥವಾ ಕೀಪಾಸ್‌ಎಕ್ಸ್‌ಸಿಯಂಥ ಪಾಸ್‌ವರ್ಡ್ ಕೂಡಿಡೋ ಆಪ್‌ನಲ್ಲಿ ಆ ಖಾತೆಯ ಟಿಪ್ಪಣಿಯಾಗಿ ಇಡಿ. ಪಾಸ್‌ವರ್ಡ್ ಮರೆತ ದಿನ ಅದೇ ತಾರೀಖು ಕೇಳ್ತಾರೆ. ನೆನಪಿಲ್ಲದಿದ್ದರೆ ಖಾತೆ ಹೋಯಿತು ಅಂತಲೇ ಲೆಕ್ಕ.

ಫೋನ್ ನಂಬರ್: ಇಲ್ಲಿ ಮಾತ್ರ ಸುಳ್ಳು ಬೇಡ. ಬಾಯಿಗೆ ಬಂದ ಹತ್ತು ಅಂಕಿ ಹೆಚ್ಚು ಕಡಿಮೆ ಯಾರದೋ ಮನೆಯ ನಂಬರ್ ಆಗಿರುತ್ತೆ. ನಮಗೆ ಬರಬೇಕಾದ ಕಿರಿಕಿರಿಯೆಲ್ಲ ಆ ಪಾಪದವರಿಗೆ ಹೋಗುತ್ತೆ. "ನಂಬರ್ ಬೇಡ, ಪೇಪರ್ ಬಿಲ್ ಕೊಡಿ" ಅನ್ನಿ. ನಂಬರ್ ಕೊಡಲೇಬೇಕು ಅಂತ ಗ್ರಾಹಕರನ್ನ ಒತ್ತಾಯಿಸಬಾರದು ಅಂತ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಮೇ ತಿಂಗಳಲ್ಲೇ ಅಂಗಡಿಗಳಿಗೆ ಸೂಚನೆ ಕೊಟ್ಟಿದೆ. ಅಷ್ಟೆಲ್ಲ ಮಾಡಿ, ಫೋನ್ ನಂಬರೇ ಇರೋ ಯುಪಿಐ ಐಡಿಯಿಂದ ದುಡ್ಡು ಹಾಕಿದರೆ ಪ್ರಯೋಜನ ಇಲ್ಲ. ನಗದು ಕೊಡಿ, ಇಲ್ಲವೇ ನಂಬರ್ ಇಲ್ಲದ ಐಡಿ ಮಾಡಿಕೊಳ್ಳಿ.

ಕಾನೂನು: ಬ್ಯಾಂಕ್, ಆಧಾರ್, ಸಿಮ್, ಪಾಸ್‌ಪೋರ್ಟ್, ಸೇವಾಸಿಂಧು, ಆಸ್ಪತ್ರೆ, ವಿಮೆ, ಇಲ್ಲೆಲ್ಲ ಪೂರ್ತಿ ನಿಜವನ್ನೇ ಕೊಡಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ 15ನೇ ಕಲಂ ನಮ್ಮ ಕರ್ತವ್ಯಗಳನ್ನೂ ಹೇಳುತ್ತೆ: ಇನ್ನೊಬ್ಬರ ಸೋಗು ಹಾಕುವಂತಿಲ್ಲ, ಸರ್ಕಾರ ಕೊಡೋ ಗುರುತು ಅಥವಾ ವಿಳಾಸದ ದಾಖಲೆಗೆ ಮುಖ್ಯ ಮಾಹಿತಿ ಮುಚ್ಚಿಡುವಂತಿಲ್ಲ. ಈ ಕಲಂ ಜಾರಿಗೆ ಬಂದ ಮೇಲೆ ಮೀರಿದರೆ 10,000 ರೂಪಾಯಿವರೆಗೆ ದಂಡ. ಆದ್ದರಿಂದ ಸುಳ್ಳು ಹೆಸರು ಕೊಡಬೇಕಾದ ಕಡೆ ಬದುಕಿರೋ ಬೇರೆಯವರ ಹೆಸರು ಬಳಸಲೇಬೇಡಿ.

ಒಂಟಿಕೊಪ್ಪಲ್_ಓದುಗ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇನ್ನೆರಡು ಪ್ರಶ್ನೆ. ಬ್ರೌಸರ್ ಗುರುತು ಬದಲಿಸೋ ಎಕ್ಸ್‌ಟೆನ್ಷನ್ ಹಾಕಿ ಐಫೋನ್ ಥರ ತೋರಿಸಿದರೆ? ಫೋನ್‌ನಲ್ಲಿ ಹುಸಿ ಲೊಕೇಶನ್ ಕೊಟ್ಟರೆ?

ಅಗ್ರಹಾರದ_ಅಡ್ಮಿನ್, ಮೈಸೂರು

ಎರಡೂ ಬೇಡ ಸಾರ್.

ಹೆಸರಿಗೆ ಐಫೋನ್ ಅಂದರೂ ಪರದೆ ಅಳತೆ, ಫಾಂಟ್ ಪಟ್ಟಿ, ಗ್ರಾಫಿಕ್ಸ್ ಚಿಪ್ ಎಲ್ಲ ವಿಂಡೋಸ್ ಲ್ಯಾಪ್‌ಟಾಪ್‌ದೇ. ಹೀಗೆ ತಾಳೆ ಆಗದ ಬ್ರೌಸರ್ ಊರಲ್ಲಿ ಒಂದೇ ಇರುತ್ತೆ, ಅದು ನಿಮ್ಮದು. ಗುರುತು ಮರೆಸೋಕೆ ಹೋಗಿ ಹಣೆಗೆ ಚೀಟಿ ಅಂಟಿಸಿಕೊಂಡ ಹಾಗೆ. ಬೇಕಿದ್ದರೆ ಬ್ರೇವ್ ಬ್ರೌಸರ್ ಬಳಸಿ, ಅದು ಕ್ಯಾನ್ವಾಸ್‌ನಂಥ (ಬ್ರೌಸರ್ ಚಿತ್ರ ಬಿಡಿಸೋ ರೀತಿ) ಕೆಲವು ಅಳತೆಗಳಿಗೆ ಒಂದೊಂದು ತಾಣಕ್ಕೆ ಒಂದೊಂದು ಥರ ಸಣ್ಣ ಕಲಬೆರಕೆ ಸೇರಿಸುತ್ತೆ. ಫೈರ್‌ಫಾಕ್ಸ್ ಆದರೆ ಅಬೌಟ್ ಕಾನ್ಫಿಗ್ (about:config) ಅನ್ನೋ ಒಳ ಸೆಟ್ಟಿಂಗ್ ಪುಟಕ್ಕೆ ಹೋಗಿ ರೆಸಿಸ್ಟ್‌ಫಿಂಗರ್‌ಪ್ರಿಂಟಿಂಗ್ (resistFingerprinting) ಅಂತ ಹುಡುಕಿ ಟ್ರೂ ಮಾಡಿ. ಆಗ ಕೆಲವು ತಾಣಗಳಲ್ಲಿ ಗಡಿಯಾರ 5 ಗಂಟೆ 30 ನಿಮಿಷ ಹಿಂದೆ ತೋರಿಸುತ್ತೆ, ಯಾಕಂದರೆ ಭಾರತದ ಸಮಯವನ್ನ ಅದು ಬಚ್ಚಿಡುತ್ತೆ. ಟಿಕೆಟ್ ಬುಕ್ ಮಾಡುವಾಗ ಹುಷಾರು. ನೀವೇ ಹಾಕಿಕೊಂಡ ಕನ್ನಡ ಫಾಂಟ್ ಕಾಣದೆ ಹೋಗಲೂಬಹುದು.

ಇದೇ ಬಾಬತ್ತಿನಲ್ಲಿ: ಬ್ರೌಸರ್ ಭಾಷೆಯನ್ನ ಕನ್ನಡಕ್ಕೆ ಇಟ್ಟವರು ಕಡಿಮೆ, ಹಾಗಾಗಿ ಅದೂ ಒಂದು ಗುರುತಾಗುತ್ತೆ. ಈ ಒಂದಕ್ಕೋಸ್ಕರ ಕನ್ನಡ ಬಿಡಿ ಅಂತ ನಾನು ಹೇಳಲ್ಲ. ಅದನ್ನ ಹಾಗೇ ಇಟ್ಟುಕೊಂಡು ಬೇರೆ ಕಡೆ ಬಿಗಿ ಮಾಡಿ.

ಹುಸಿ ಲೊಕೇಶನ್‌ಗೆ ಡೆವಲಪರ್ ಆಯ್ಕೆ ತೆರೆಯಬೇಕು. ಅದು ಆನ್ ಇದ್ದರೆ ಕೆಲವು ಬ್ಯಾಂಕ್ ಆಪ್ ತೆರೆಯೋದೇ ಇಲ್ಲ. ಜಿಪಿಎಸ್ ಚಾಮರಾಜನಗರ ಅಂದರೂ ಸುತ್ತಲ ವೈಫೈ ಹೆಸರುಗಳು ಒಂಟಿಕೊಪ್ಪಲ್ ಅನ್ನುತ್ತವೆ. ಆಂಡ್ರಾಯ್ಡ್ 12ರಿಂದ ಪ್ರತಿ ಆಪ್‌ಗೂ "ಅಂದಾಜು" ಲೊಕೇಶನ್ ಕೊಡಬಹುದು, ಹವಾಮಾನ, ಸುದ್ದಿ ಆಪ್‌ಗಳಿಗೆ ಅಷ್ಟು ಧಾರಾಳವಾಯಿತು. ಜೊತೆಗೆ ಸೆಟ್ಟಿಂಗ್ಸ್, ಗೂಗಲ್, ಆಡ್ಸ್ ಒಳಗೆ ಹೋಗಿ ಜಾಹೀರಾತು ಐಡಿಯನ್ನ ಅಳಿಸಿಹಾಕಿ. ಎರಡೂ ಫೋನ್‌ನಲ್ಲಿ ಮಾಡಿ.

ಕುಕ್ಕರಹಳ್ಳಿ_ದಂಡೆ

ಒಂದು ಬಿಟ್ಟುಹೋಗಿತ್ತು. ರಿಲೇಯ ಮುಸುಕು ವಿಳಾಸಕ್ಕೆ ಕಸ ಬರೋಕೆ ಶುರುವಾದರೆ ಅದನ್ನ ಆಫ್ ಮಾಡಿ, ಅಳಿಸಬೇಡಿ. ಅಳಿಸಿದ ವಿಳಾಸ ವಾಪಸ್ ಸಿಗಲ್ಲ. ಆರು ತಿಂಗಳಾದ ಮೇಲೆ ಆ ಅಂಗಡಿಯಿಂದ ವಾರಂಟಿ ಬಿಲ್ ಬೇಕಾದರೆ ಆಫ್ ಇರೋದನ್ನ ಎರಡು ನಿಮಿಷ ಆನ್ ಮಾಡಿ ತರಿಸಿಕೊಳ್ಳಬಹುದು.