ಡಬಲ್ ಡಿಲೈಟ್ ಗುಲಾಬಿ ಬಳ್ಳಿ ಥರ ಆಗಿದೆ, ಹೂವೇ ಇಲ್ಲ

ಮಹಡಿತೋಟ, ಮೈಸೂರು:

ಗುಲಾಬಿ ಬೆಳೆಸಿದವರು ಯಾರಾದರೂ ಸ್ವಲ್ಪ ನೋಡಿ ಹೇಳಿ. ಕಳೆದ ವರ್ಷದ ಸಂಕ್ರಾಂತಿ ಹೊತ್ತಿಗೆ ರಸ್ತೆ ಬದಿಯ ನರ್ಸರಿಯೊಂದರಿಂದ ಡಬಲ್ ಡಿಲೈಟ್ ಗಿಡ ತಂದೆ. ಬರುವಾಗಲೇ ಒಂದು ಹೂವಿತ್ತು. ನಡುವೆ ಬೆಣ್ಣೆ ಬಣ್ಣ, ಎಸಳಿನ ಅಂಚಿಗೆಲ್ಲ ಕುಂಕುಮ ಹಚ್ಚಿದ ಹಾಗೆ ಕೆಂಪು, ಮೆಟ್ಟಿಲು ಹತ್ತುವಾಗಲೇ ಘಮ ಬರೋದು. ಮೊದಲ ವರ್ಷ ಚೆನ್ನಾಗಿಯೇ ಬಿಟ್ಟಿತು. ಈ ಮಳೆಗಾಲದಲ್ಲಿ ಏನಾಯಿತೋ, ಬುಡದಿಂದ ಎರಡು ಕೊಂಬೆ ಹೊರಟು ನನ್ನ ಎತ್ತರ ಮೀರಿ ಬೆಳೆದಿವೆ. ತಿಳಿ ಹಸಿರು, ಸಣ್ಣ ಸಣ್ಣ ಎಲೆ, ಬಳ್ಳಿಯ ಹಾಗೆ ಬಾಗುತ್ತವೆ. ಒಂದು ಮೊಗ್ಗೂ ಇಲ್ಲ. ಇಷ್ಟು ಜೋರಾಗಿ ಬೆಳೀತಿದೆಯಲ್ಲ ಅಂತ ಖುಷಿಪಟ್ಟು ನಾನು ಇನ್ನೂ ಗೊಬ್ಬರ ಸುರಿದೆ! ಹಳೆಯ ಕೊಂಬೆಗಳಲ್ಲಿ ಒಂದು ತುದಿಯಿಂದ ಕಪ್ಪಾಗಿ ಒಣಗುತ್ತಾ ಇಳಿಯುತ್ತಿದೆ. ಆಗಸ್ಟ್‌ನಲ್ಲಿ ಒಂದೇ ಒಂದು ಹೂವು ಬಂತು, ಅದೂ ಬರೀ ಕೆನೆ ಬಣ್ಣ, ಕೆಂಪು ಅಂಚು ಹೆಸರಿಗಷ್ಟೇ.

ನರ್ಸರಿಯವರನ್ನು ಕೇಳಿದರೆ "ನೀರು ಜಾಸ್ತಿ ಹಾಕಿದ್ದೀರಿ ಮೇಡಂ" ಅಂದರು. ಯಾವ ಗಿಡ ತೋರಿಸಿದರೂ ಅವರದು ಅದೇ ಉತ್ತರ. 14 ಇಂಚಿನ ಕುಂಡ, ಮಧ್ಯಾಹ್ನದವರೆಗೆ ಬಿಸಿಲು. ದಸರಾ ಮುಗಿಯಿತು, ಗೊತ್ತಿದ್ದವರೆಲ್ಲ ಈಗ ಗುಲಾಬಿ ಸವರುತ್ತಿದ್ದಾರೆ. ನಾನು ಯಾವುದನ್ನು ಕತ್ತರಿಸಲಿ, ಯಾವುದನ್ನು ಬಿಡಲಿ?

ಹಳೇಕತ್ತರಿ, ಬೆಂಗಳೂರು:

ಮೇಡಂ, ನಿಮ್ಮ ಕುಂಡದಲ್ಲಿ ಈಗ ಎರಡು ಗಿಡ ಇವೆ. ನರ್ಸರಿಯಲ್ಲಿ ಸಿಗುವ ಇಂಥ ಗುಲಾಬಿ ಹೆಚ್ಚಾಗಿ ಕಸಿ ಗಿಡ. ಕೆಳಗೆ ಬೇರಿಗೆ ಒಂದು ಕಾಡು ಜಾತಿ, ಅದರ ಮೇಲೆ ಹೂವಿನ ಜಾತಿಯ ಒಂದು ಕಣ್ಣು, ಅಂದರೆ ಚಿಗುರು ಹೊರಡುವ ಮೊಳಕೆ, ಕೂರಿಸಿರುತ್ತಾರೆ. ಕೂರಿಸಿದ ಜಾಗದಲ್ಲಿ ಗಂಟು ಇರುತ್ತದೆ. ಆ ಗಂಟಿನ ಕೆಳಗಿನಿಂದ ಏನು ಬಂದರೂ ಅದು ಕಾಡು ಗಿಡ. ಬೇರು ಅದರದೇ, ಹಾಗಾಗಿ ಊಟ ಮೊದಲು ಅದಕ್ಕೇ. ಸುರಿದ ಗೊಬ್ಬರದಲ್ಲಿ ಹೆಚ್ಚಿನ ಪಾಲು ಅದೇ ಹೊಡೆದಿರುತ್ತದೆ. ಹೀಗೇ ಬಿಟ್ಟರೆ ಮೇಲಿನ ಡಬಲ್ ಡಿಲೈಟ್ ಸೊರಗಿ ಸೊರಗಿ ಸತ್ತೇ ಹೋಗುತ್ತದೆ, ಆಮೇಲೆ ಜನ "ಗುಲಾಬಿ ಕಾಡಾಯಿತು" ಅಂತಾರೆ.

ಕತ್ತರಿ ಹಾಕಬೇಡಿ. ಬುಡದ ಮಣ್ಣು ಕೈಯಲ್ಲಿ ಬಿಡಿಸಿ, ಆ ಕೊಂಬೆ ಬೇರಿಗೆ ಕೂಡಿದ ಜಾಗ ಕಾಣುವವರೆಗೂ ಹೋಗಿ, ಅಲ್ಲಿ ಹಿಡಿದು ಕೆಳಮುಖವಾಗಿ ಎಳೆದು ಕಿತ್ತುಹಾಕಿ. ಕತ್ತರಿಸಿದರೆ ಬುಡದಲ್ಲಿ ಮಲಗಿದ್ದ ಕಣ್ಣುಗಳೆಲ್ಲ ಎದ್ದು ಒಂದಕ್ಕೆ ನಾಲ್ಕು ಬರುತ್ತವೆ. ನಾನು ಮೊದಲ ಮೂರು ವರ್ಷ ಹಾಗೇ ಮಾಡಿ ಕಾಡು ಗುಲಾಬಿಯ ಪೊದೆ ಬೆಳೆಸಿಕೊಂಡೆ.

ಗುರುತು ಸುಲಭ. ಒಳ್ಳೇ ಗಿಡಕ್ಕೆ ಐದೆಲೆ, ಕಾಡಿಗೆ ಏಳೆಲೆ.

ಅಡಿಕೆಮನೆ, ತೀರ್ಥಹಳ್ಳಿ:

ಹಳೇಕತ್ತರಿ ಸರ್ ಹೇಳಿದ್ದೆಲ್ಲ ಸರಿ, ಕೊನೆಯ ಸಾಲು ಮಾತ್ರ ನಂಬಬೇಡಿ ಅಕ್ಕ. ಎಲೆ ಎಣಿಸಿಯೇ ನಾನು ಕೆಟ್ಟಿದ್ದು. ಮನೆ ಅಂಗಳದಲ್ಲಿ ಒಂದು ಹಳದಿ ಗುಲಾಬಿ ಇತ್ತು. ಬುಡದಲ್ಲಿ ದಪ್ಪಗೆ, ಕೆಂಪಗೆ ಒಂದು ಚಿಗುರು ಬಂತು, ಏಳೆಲೆ ಇತ್ತು, ಕಾಡು ಅಂತ ಕಿತ್ತು ಎಸೆದೆ. ಆಮೇಲೆ ನೋಡಿದರೆ ಅದು ಹೊರಟಿದ್ದು ಗಂಟಿನಿಂದಲೇ. ಒಳ್ಳೇ ಜಾತಿಯಲ್ಲೂ ಏಳೆಲೆ ಬರುತ್ತದೆ, ಒಂದೇ ಕೊಂಬೆಯಲ್ಲಿ ಐದೂ ಏಳೂ ಇರುತ್ತವೆ. ಗಂಟಿನಿಂದ ಹೊಸದಾಗಿ ಏಳುವ ಅಂಥ ದಪ್ಪ ಚಿಗುರೇ ಮುಂದಿನ ವರ್ಷಗಳ ಗಿಡ, ಅದನ್ನು ತೆಗೆದರೆ ಹಳೇ ಕೊಂಬೆ ನೆಚ್ಚಿಕೊಂಡು ಕೂರಬೇಕು. ಅದರ ಮರುವರ್ಷ ನನ್ನ ಗಿಡ ಹೋಯಿತು.

ಎಲ್ಲಿಂದ ಹೊರಟಿದೆ ಅನ್ನೋದೊಂದೇ ಖಾತ್ರಿ ಗುರುತು. ಇನ್ನೊಂದು ಬೇಕಿದ್ದರೆ, ಎಲೆಯ ತೊಟ್ಟು ಕೊಂಬೆಗೆ ಅಂಟುವ ಜಾಗ ಹತ್ತಿರದಿಂದ ನೋಡಿ. ಅಲ್ಲಿ ಎರಡು ಪುಟ್ಟ ರೆಕ್ಕೆ ಇರುತ್ತದೆ. ಬೇರಿಗೆ ಬಳಸುವ ಮಲ್ಟಿಫ್ಲೋರಾ ಜಾತಿಯಾದರೆ ಆ ರೆಕ್ಕೆಯ ಅಂಚು ಬಾಚಣಿಗೆ ಹಲ್ಲಿನ ಹಾಗೆ ಸೀಳಿ ಸೀಳಿ ಇರುತ್ತದೆ. ಡಬಲ್ ಡಿಲೈಟ್‌ಗೆ ಹಾಗಿರಲ್ಲ. ಆದರೆ ಎಲ್ಲ ಕಾಡು ಬೇರೂ ಮಲ್ಟಿಫ್ಲೋರಾ ಅಲ್ಲ, ಅದಕ್ಕೇ ಗಂಟು ನೋಡಿ ಅಂದಿದ್ದು.

ತುದಿಯಿಂದ ಕಪ್ಪಾಗುತ್ತಿರುವುದು ಬೇರೆ ಕಥೆ, ಅದು ಒಣಗು ರೋಗ. ಕಪ್ಪು ನಿಂತ ಕಡೆಯಿಂದ ಇನ್ನೂ ಎರಡು ಇಂಚು ಕೆಳಗೆ, ಒಳಗಿನ ತಿರುಳು ಬೆಳ್ಳಗೆ ಕಾಣುವವರೆಗೆ ಕತ್ತರಿಸಿ. ತಿರುಳು ಕಂದಾಗಿದ್ದರೆ ಇನ್ನೂ ಕೆಳಗೆ. ಗಾಯಕ್ಕೆ ನಮ್ಮಲ್ಲಿ ಬೋರ್ಡೋ ಮುಲಾಮು ಹಚ್ಚುತ್ತೇವೆ, ಅಂದರೆ ಮೈಲುತುತ್ತ, ಸುಣ್ಣ ಕಲಸಿದ ಶಿಲೀಂಧ್ರದ ಮದ್ದು. ಇದನ್ನೇ ತೆಳ್ಳಗೆ ಮಾಡಿ ಅಡಿಕೆಯ ಕೊಳೆ ರೋಗಕ್ಕೆ ಹೊಡೆಯೋದಾದರೆ 100 ಲೀಟರ್ ನೀರಿಗೆ ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ. ಮುಲಾಮಿಗೆ ಅದರ ಹತ್ತರಷ್ಟು ಗಟ್ಟಿ, ಅಂದರೆ ಲೀಟರಿಗೆ ತಲಾ 100 ಗ್ರಾಂ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡಬ್ಬದಲ್ಲಿ ಕರಗಿಸಿ ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯೋದು. ಕಬ್ಬಿಣದ ಕತ್ತಿ ಅದ್ದಿ ತೆಗೆದಾಗ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು ಅಂತ ಲೆಕ್ಕ. ಒಂದು ಕುಂಡಕ್ಕೆ ಇಷ್ಟೆಲ್ಲ ಯಾಕೆ, ಗೊಬ್ಬರದ ಅಂಗಡಿಯಲ್ಲಿ ಕಾಪರ್ ಆಕ್ಸಿಕ್ಲೋರೈಡ್ ಪುಡಿ ಸಿಗುತ್ತದೆ, ಒಂದು ಚಮಚಕ್ಕೆ ಸ್ವಲ್ಪ ನೀರು ಕಲಸಿ ಕೈಗವಸು ಹಾಕಿಕೊಂಡು ಬಳಿದುಬಿಡಿ.

ಹಳೇಕತ್ತರಿ, ಬೆಂಗಳೂರು:

ಒಪ್ಪಿದೆ ಮಾರಾಯರೇ. ಏಳೆಲೆ ಲೆಕ್ಕ ನನಗೆ ನಮ್ಮ ಹಳೇ ಮಾಲಿ ಹೇಳಿಕೊಟ್ಟಿದ್ದು, ನಾನೂ ಸುಮ್ನೆ ಎಲ್ಲರಿಗೂ ಹೇಳಿಕೊಂಡು ಬಂದೆ. ಇನ್ನೆಷ್ಟು ಒಳ್ಳೇ ಚಿಗುರು ಕಿತ್ತಿದ್ದೇನೋ.

ಮಹಡಿತೋಟ, ಮೈಸೂರು:

ಈಗಷ್ಟೇ ಬಗೆದು ನೋಡಿ ಬಂದೆ, ಕೈಯೆಲ್ಲ ಮಣ್ಣು. ಗಂಟು ಎರಡು ಇಂಚು ಮಣ್ಣಿನೊಳಗೆ ಹೂತುಹೋಗಿತ್ತು! ಪ್ರತಿ ಸಲ ಮೇಲೆ ಮೇಲೆ ಎರೆಗೊಬ್ಬರ ಹಾಕಿದ್ದು ನಾನೇ. ಆ ಎರಡು ಉದ್ದ ಕೊಂಬೆ ಗಂಟಿನ ಕೆಳಗಿನವೇ, ಬಾಚಣಿಗೆ ಹಲ್ಲೂ ಇದೆ, ನನ್ನ ಕಣ್ಣಿಗೆ ಕಾಣಲಿಲ್ಲ, ಮಗಳು ಮೊಬೈಲಲ್ಲಿ ಹಿಗ್ಗಿಸಿ ತೋರಿಸಿದಳು. ಅದರ ಪಕ್ಕದಲ್ಲೇ ಹೆಬ್ಬೆರಳುದ್ದದ ಒಂದು ಕೆಂಪು ಚಿಗುರು, ಅದು ಮಾತ್ರ ಗಂಟಿನಿಂದಲೇ ಹೊರಟಿದೆ. ಬೆಳಿಗ್ಗೆ ಅದನ್ನೂ ಚಿವುಟೋಣ ಅಂತಿದ್ದೆ. ಬಣ್ಣದ ವಿಷಯ ಯಾರೂ ಹೇಳಲಿಲ್ಲ, ಅದೂ ಕಾಡು ಗಿಡದ ಪ್ರಭಾವವಾ?

ಹಿತ್ತಿಲಗಿಡ, ಧಾರವಾಡ:

ಇಲ್ಲರೀ, ಬಣ್ಣಕ್ಕೂ ಬೇರಿಗೂ ಸಂಬಂಧ ಇಲ್ಲ. ಡಬಲ್ ಡಿಲೈಟ್ ಸ್ವಭಾವವೇ ಹಾಗೆ, ಅದರ ಕೆಂಪು ಬರುವುದು ಬಿಸಿಲಿನಿಂದ. ಮೊಗ್ಗು ಬಿರಿಯುವಾಗ ಕೆನೆ ಬಣ್ಣವೇ ಹೆಚ್ಚು, ಬಿಸಿಲು ಬಿದ್ದ ಹಾಗೆ ಅಂಚಿನಿಂದ ಕೆಂಪು ಒಳಕ್ಕೆ ಹಬ್ಬುತ್ತದೆ. ಆಗಸ್ಟ್‌ನ ಮೋಡಕ್ಕೆ ಕೆನೆ ಬಿಟ್ಟು ಇನ್ನೇನು ಬಂದೀತು. 1977ರಲ್ಲಿ ಅಮೆರಿಕದಲ್ಲಿ ಬಂದ ಜಾತಿ ಇದು, ಇವತ್ತಿಗೂ ಜನ ಕೇಳಿ ಒಯ್ಯುವುದು ಈ ಬಣ್ಣದಾಟಕ್ಕೂ ಪರಿಮಳಕ್ಕೂ. ಡಿಸೆಂಬರ್ ಬಿಸಿಲಿಗೆ ನೋಡಿ ಹೆಂಗ ಕೆಂಪಾಗತೈತಿ ಅಂತ.

ಸವರುವುದು ಈ ಸಲ ಹಗುರಾಗಿ ಮಾಡ್ರಿ. ಪುಸ್ತಕದಾಗ ಅರ್ಧ ಕತ್ತರಿಸು ಅಂತ ಇರತೈತಿ, ಅದು ಗಟ್ಟಿ ಗಿಡಕ್ಕೆ. ನಿಮ್ಮದು ಒಂದೂವರೆ ಕೊಂಬೆ ಮೇಲೆ ನಿಂತಿದೆ. ಒಣಗಿದ್ದು, ಕಡ್ಡಿಗಿಂತ ಸಣ್ಣದು ತೆಗೆಯಿರಿ, ಹೊರಗೆ ಮುಖ ಮಾಡಿದ ಕಣ್ಣಿನ ಮೇಲೆ ಕಾಲಿಂಚು ಬಿಟ್ಟು ಓರೆಯಾಗಿ ಕತ್ತರಿಸಿ, ಅಷ್ಟು ಸಾಕು. ಗಂಟು ಮಣ್ಣಿನ ಮೇಲೆ ಕಾಣುವ ಹಾಗೆ ಇರಲಿ. ಚಿಗುರು ಬರುವ ತನಕ ಗೊಬ್ಬರ ಬೇಡ. ಆಮೇಲೆ ಒಂದು ಮುಷ್ಟಿ ಬೇವಿನ ಹಿಂಡಿ, ಎರಡು ಮುಷ್ಟಿ ಹಳೇ ಕೊಟ್ಟಿಗೆ ಗೊಬ್ಬರ. ಹಾಲು ಸಕ್ಕರೆ ಹಾಕಿದ ಚಹಾ ಚರಟ ಮಾತ್ರ ಸುರೀಬೇಡ್ರಿ, ಇರುವೆ ಗೂಡು ಕಟ್ಟತಾವ.

ಮತ್ತ ಆ ಕಾಡು ಕೊಂಬೆ ಎಸೀಬೇಡ್ರಿ. ಪೆನ್ಸಿಲ್ ದಪ್ಪದ ತುಂಡು ಮಾಡಿ ನೆರಳಲ್ಲಿ ನೆಡಿ. ಎರಡು ತಿಂಗಳೊಳಗೆ ಬೇರು ಬಿಟ್ಟರೆ ನಿಮ್ಮ ಡಬಲ್ ಡಿಲೈಟ್‌ನದೇ ಕಣ್ಣು ಅದಕ್ಕೆ ಕೂರಿಸಬಹುದು.

ಮಹಡಿತೋಟ, ಮೈಸೂರು:

ಕಿತ್ತಾಯಿತು. ಮೊದಲನೆಯದು ಚರಕ್ ಅಂತ ಬುಡದ ಸಿಪ್ಪೆ ಸಮೇತ ಬಂತು. ಎರಡನೆಯದಕ್ಕೆ ಯಜಮಾನರು ಗೋಣಿಚೀಲ ಸುತ್ತಿಕೊಂಡು ಎಳೆಯಬೇಕಾಯಿತು, ಆದರೂ ಅಂಗೈಗೆ ಮುಳ್ಳು ಚುಚ್ಚಿಸಿಕೊಂಡು ನನ್ನ ಮೇಲೆ ರೇಗಿದರು. ಆರು ತುಂಡು ಮಾಡಿ ಹಳೇ ಬಕೆಟ್‌ನಲ್ಲಿ ನೆಟ್ಟಿದ್ದೇನೆ. ಕೆಂಪು ಚಿಗುರಿನ ಪಕ್ಕ ಒಂದು ಐಸ್‌ಕ್ರೀಂ ಕಡ್ಡಿ ಚುಚ್ಚಿ "ಮುಟ್ಟಬೇಡಿ" ಅಂತ ಬರೆದಿದ್ದೇನೆ, ನಮ್ಮ ಮನೆಯಲ್ಲಿ ಎಲ್ಲರಿಗೂ ಈಗ ಕೀಳುವ ಹುಮ್ಮಸ್ಸು ಬಂದುಬಿಟ್ಟಿದೆ. ಸವರಿದ ಮೇಲೆ ಹೂವಿಗೆ ಎಷ್ಟು ದಿನ?

ಹಳೇಕತ್ತರಿ, ಬೆಂಗಳೂರು:

ಹೆಚ್ಚುಕಮ್ಮಿ 45 ದಿನ. ಗಿಡ ಸೊರಗಿದೆ, ಇನ್ನೊಂದು ವಾರ ಜಾಸ್ತಿ ಇಟ್ಟುಕೊಳ್ಳಿ. ಬುಡ ಮಾತ್ರ ವಾರಕ್ಕೊಮ್ಮೆ ನೋಡ್ತಾ ಇರಿ, ಒಂದು ಸಲ ಎದ್ದ ಬೇರು ಮತ್ತೆ ಏಳುತ್ತದೆ. ಬೆರಳುದ್ದ ಇರುವಾಗಲೇ ಸಿಕ್ಕರೆ ಗೋಣಿಚೀಲ ಬೇಕಾಗಲ್ಲ.